ಕಳೆಯುವ ಲೆಕ್ಕವನ್ನು ಕೂಡಿ ಮಾಡುವುದು ಹೇಗೆ: ಹಂತ ಹಂತವಾಗಿ, ಆಗುವ ತಪ್ಪುಗಳ ಸಮೇತ

403ರಿಂದ 168 ಕಳೆ ಎಂದರೆ ಎಷ್ಟೋ ಮಕ್ಕಳು 365 ಎಂದು ಬರೆಯುತ್ತಾರೆ. ಬಿಡಿಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲ, ಹಾಗಾಗಿ 8ರಿಂದ 3 ಕಳೆದುಬಿಡುತ್ತಾರೆ. ಹತ್ತರ ಸ್ಥಾನದಲ್ಲಿ ಸೊನ್ನೆಯಿಂದ 6 ಹೋಗುವುದಿಲ್ಲ, ಆ 6 ಹಾಗೇ ಕೆಳಗಿಳಿಯುತ್ತದೆ. ಇನ್ನು ಕೆಲವರು ದಶಕ ಪಡೆಯಲು (ಎಡಪಕ್ಕದ ಸ್ಥಾನದಿಂದ ಸಾಲ ತರಲು) ಹೋಗಿ, ಪಕ್ಕದಲ್ಲಿ ಸೊನ್ನೆ ಕಂಡು ನೂರರ ಸ್ಥಾನದವರೆಗೆ ಹೋಗಿ ಬರುತ್ತಾರೆ. ಆದರೆ ಮಧ್ಯದ ಸೊನ್ನೆಯನ್ನು 9 ಮಾಡಲು ಮರೆತು 10 ಎಂದೇ ಇಟ್ಟುಕೊಂಡು 245 ಬರೆಯುತ್ತಾರೆ. ಸರಿಯುತ್ತರ 235.

ಇದೇ ಮಕ್ಕಳಿಗೆ 168 + 235 ಕೊಟ್ಟರೆ ತಪ್ಪದೆ ಕೂಡುತ್ತಾರೆ. ಗೊತ್ತಿರುವ ಆ ಕೆಲಸದಿಂದಲೇ ಗೊತ್ತಿಲ್ಲದ್ದನ್ನು ಮಾಡಿಸುವುದು ಈ ವಿಧಾನ. ಚಿಕ್ಕ ಸಂಖ್ಯೆಯಲ್ಲಿ ನಿಂತು, ದೊಡ್ಡ ಸಂಖ್ಯೆ ತಲುಪುವವರೆಗೆ ಎಷ್ಟು ಸೇರಿಸಬೇಕು ಎಂದು ನೋಡುವುದು. ಕೇಳಲು ಸುಲಭ. ಆದರೂ ಕಲಿಸಲು ಹೊರಟವರಲ್ಲಿ ಅನೇಕರು ಅರ್ಧದಲ್ಲೇ ಕೈಬಿಡುತ್ತಾರೆ, ಕಾರಣ ಹಂತಗಳ ಕ್ರಮ ತಪ್ಪಿರುತ್ತದೆ. 10ರ ಜೋಡಿಗಳು ಬಾಯಿಗೆ ಬರುವ ಮೊದಲೇ ಸಂಖ್ಯಾರೇಖೆ ಎಳೆಸಿದರೆ ಮಗುವಿಗೆ ಒಂದರ ಬದಲು ಎರಡು ಕಷ್ಟ.

## ಮೊದಲು ಬೇಕಾದದ್ದು

ಗೆರೆಯಿಲ್ಲದ ಹಾಳೆ, ಪೆನ್ಸಿಲ್, ಬೇರೆ ಬಣ್ಣದ ಒಂದು ಪೆನ್ನು, 20 ಮಣಿ ಅಥವಾ ಕಡ್ಡಿ, ಒಂದು ಬಟ್ಟಲು. ಇಷ್ಟು ಸಾಕು. ಅಳತೆಪಟ್ಟಿ ಕೊಡಬೇಡಿ. ಅದು ಕೈಯಲ್ಲಿದ್ದರೆ ಮಗು ಅದರ ಮೇಲಿನ ಗೀಟುಗಳನ್ನು ಒಂದೊಂದಾಗಿ ಎಣಿಸಲು ಶುರು ಮಾಡುತ್ತದೆ, ನಮಗೆ ಬೇಕಾದ ಜಿಗಿತ ಬರುವುದೇ ಇಲ್ಲ.

ಶುರು ಮಾಡುವ ದಿನ ನಾಲ್ಕು ಪ್ರಶ್ನೆ ಕೇಳಿ. 7ಕ್ಕೆ ಎಷ್ಟು ಸೇರಿದರೆ 10? 46 ಆದಮೇಲೆ ಬರುವ ಮೊದಲ ಪೂರ್ಣ ಹತ್ತು ಯಾವುದು? 50ರಿಂದ 80ಕ್ಕೆ ಎಷ್ಟು? 2, 20, 2 ಕೂಡಿದರೆ ಎಷ್ಟು? ನಾಲ್ಕಕ್ಕೂ ಬೆರಳು ಮಡಚದೆ ಉತ್ತರ ಬಂದರೆ ನೇರವಾಗಿ ಮೂರನೇ ಹಂತಕ್ಕೆ ಹೋಗಬಹುದು. ಒಂದರಲ್ಲಿ ತಡವರಿಸಿದರೂ ಮೊದಲ ಹಂತದಿಂದಲೇ ಬನ್ನಿ.

## ಹಂತ 1: 10ರ ಜೋಡಿ, ಆಮೇಲೆ 100ರ ಜೋಡಿ

1–9, 2–8, 3–7, 4–6, 5–5. ಇವು ಮಗ್ಗಿಯ ಹಾಗೆ ಬಾಯಿಗೆ ಬರಬೇಕು. 10 ಮಣಿ ಹರಡಿ, ಕೆಲವನ್ನು ಅಂಗೈಯಲ್ಲಿ ಮುಚ್ಚಿ, ಕಾಣುವುದನ್ನು ನೋಡಿ ಮುಚ್ಚಿದ್ದೆಷ್ಟು ಎಂದು ಹೇಳಿಸಿ. ದಿನಕ್ಕೆ ಐದು ನಿಮಿಷ ಸಾಕು. ಒಂದೇ ದಿನ ಅರ್ಧ ಗಂಟೆ ಕೂರಿಸುವುದಕ್ಕಿಂತ ಅದು ಒಳ್ಳೆಯದು.

ಅದು ಗಟ್ಟಿಯಾದ ಮೇಲೆ 30–70, 40–60 ಎಂದು ಪೂರ್ಣ ಹತ್ತುಗಳು. ಕೊನೆಗೆ 37–63ರಂಥವು. ಇಲ್ಲಿ ಒಂದು ತಪ್ಪು ಬಂದೇ ಬರುತ್ತದೆ: 37ಕ್ಕೆ ಜೋಡಿ 73 ಎಂದು ಮಗು ಹೇಳುತ್ತದೆ. 3ಕ್ಕೆ 7, 7ಕ್ಕೆ 3 ಎಂದು ಎರಡು ಸ್ಥಾನದಲ್ಲೂ 10 ಮಾಡಿರುತ್ತದೆ. 37 + 73 ಎಂದರೆ 110. ಬಿಡಿಗಳು ಸೇರಿ ಒಂದು ಹತ್ತು ಈಗಾಗಲೇ ಆಗಿದೆ, ಹಾಗಾಗಿ ಹತ್ತರ ಸ್ಥಾನದಲ್ಲಿ 9 ಆದರೆ ಸಾಕು. ಬರೀ ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. 37 + 73 ಅನ್ನು ಮಗುವಿನ ಕೈಯಲ್ಲೇ ಕೂಡಿಸಿ, 110 ಬಂದದ್ದನ್ನು ಅದೇ ನೋಡಲಿ.

## ಹಂತ 2: ಬಟ್ಟಲ ಕೆಳಗೆ ಎಷ್ಟು?

13 ಮಣಿ ಎಣಿಸಿಡಿ. 5 ಮಣಿಗಳ ಮೇಲೆ ಬಟ್ಟಲು ಕವುಚಿ. 8 ಕಾಣುತ್ತದೆ. “ಒಟ್ಟು 13, ಹೊರಗೆ 8, ಒಳಗೆ ಎಷ್ಟು?” ಮಗು 8ರಿಂದ ಮುಂದಕ್ಕೆ ಹೋಗುತ್ತದೆ: 10ಕ್ಕೆ 2, ಮತ್ತೆ 3, ಒಟ್ಟು 5. ಬಟ್ಟಲು ಎತ್ತಿ ತೋರಿಸಿ. ಆಮೇಲೆ ಇದೇ ಮಣಿಗಳಿಗೆ ನಾಲ್ಕು ಸಾಲು ಬರೆಸಿ:

8 + 5 = 13
5 + 8 = 13
13 − 8 = 5
13 − 5 = 8

ಮೂರೇ ಸಂಖ್ಯೆ, ನಾಲ್ಕು ಹೇಳಿಕೆ. 13 − 8 ಕಂಡಾಗ ಕೈ ತಾನಾಗಿ “8ಕ್ಕೆ ಎಷ್ಟು?” ಎಂದು ಹೊರಟರೆ ಈ ಹಂತ ಮುಗಿಯಿತು. ನಾಲ್ಕು ಸಾಲು ಬರೆಯುವಾಗ 8 − 13 = 5 ಎಂದು ಬರೆದರೆ ಅದನ್ನು ಬಿಟ್ಟುಬಿಡಬೇಡಿ. ಕೂಡುವಾಗ ಸಂಖ್ಯೆಗಳ ಜಾಗ ಬದಲಿಸಬಹುದು, ಕಳೆಯುವಾಗ ಬದಲಿಸಬಾರದು ಎಂಬುದು ಇಲ್ಲೇ ಸ್ಪಷ್ಟವಾಗಬೇಕು. 403 − 168ರಲ್ಲಿ 8ರಿಂದ 3 ಕಳೆಯುವ ಅಭ್ಯಾಸದ ಬೇರು ಇಲ್ಲೇ ಇದೆ.

## ಹಂತ 3: ಪ್ರಶ್ನೆಯನ್ನು ತಿರುಗಿಸಿ ಬರೆಯುವುದು

72 − 48 = □ ಎಂಬುದನ್ನು 48 + □ = 72 ಎಂದು ಬರೆಯಬೇಕು. ಒಂದೇ ಸಾಲಿನ ಕೆಲಸ, ಆದರೆ ಅತಿ ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ಆತುರ ಮಾಡಬೇಡಿ.

ಮೊದಲ ತಪ್ಪು: ಕೂಡುವ ಚಿಹ್ನೆ ಕಂಡ ಕೂಡಲೇ 48 + 72 = 120 ಮಾಡಿ ಚೌಕದಲ್ಲಿ 120 ಬರೆಯುವುದು. ಸಮ ಚಿಹ್ನೆ ಎಂದರೆ “ಮುಂದೆ ಉತ್ತರ ಬರೆ” ಎಂದು ಮಗು ತಿಳಿದಿರುವುದರಿಂದ ಹೀಗಾಗುತ್ತದೆ. “ಸಮ ಚಿಹ್ನೆಯ ಎರಡೂ ಕಡೆ ಒಂದೇ ಬೆಲೆ ಇರಬೇಕು” ಎಂದು ಹೇಳಿ, ಅದರ ಉತ್ತರವನ್ನು ಚೌಕದಲ್ಲಿಟ್ಟು ಓದಿಸಿ: “48, ಅದಕ್ಕೆ 120 ಸೇರಿಸಿದರೆ 72.” ಓದುವಾಗಲೇ ಬಹುತೇಕ ಮಕ್ಕಳು ತಡೆದು ನಿಲ್ಲುತ್ತಾರೆ.

ಎರಡನೆಯದು: 72 + □ = 48 ಎಂದು ತಿರುಚಿ ಬರೆಯುವುದು. ಮೂಲ ಲೆಕ್ಕದಲ್ಲಿ 72 ಮೊದಲು ಇತ್ತು, ಅದನ್ನೇ ಮೊದಲು ಇಳಿಸಿರುತ್ತದೆ. ಬರೆಯುವ ಮುನ್ನ “ಎಲ್ಲಿಂದ ಹೊರಡುತ್ತೇನೆ, ಎಲ್ಲಿಗೆ ತಲುಪುತ್ತೇನೆ” ಎಂದು ಬಾಯಿಬಿಟ್ಟು ಹೇಳಿಸಿದರೆ ಇದು ಬೇಗ ಹೋಗುತ್ತದೆ. ಹೊರಡುವುದು ಚಿಕ್ಕದರಿಂದ, ತಲುಪುವುದು ದೊಡ್ಡದಕ್ಕೆ.

ವಾಕ್ಯರೂಪದ ಲೆಕ್ಕಗಳಲ್ಲಿ ಇನ್ನೊಂದು ಗುಂಡಿಯಿದೆ. “ಒಂದು ಪುಸ್ತಕದಲ್ಲಿ 72 ಪುಟ, ಇನ್ನೊಂದರಲ್ಲಿ 48 ಪುಟ. ಮೊದಲನೆಯದರಲ್ಲಿ ಎಷ್ಟು ಪುಟ ಹೆಚ್ಚು?” ‘ಹೆಚ್ಚು’ ಎಂಬ ಮಾತು ಕೇಳಿ ಮಗು ಎರಡನ್ನೂ ಕೂಡಿಬಿಡುತ್ತದೆ. “‘ಹೆಚ್ಚು’ ಎಂದರೆ ಕೂಡು, ‘ಉಳಿದದ್ದು’ ಎಂದರೆ ಕಳೆ” ಎಂದು ಪದಗಳ ಪಟ್ಟಿ ಬಾಯಿಪಾಠ ಮಾಡಿಸುವ ರೂಢಿ ಹಲವೆಡೆ ಇದೆ, ಅದನ್ನು ದಯವಿಟ್ಟು ಬಿಡಿ. ಬದಲಿಗೆ, ಎರಡು ಪಟ್ಟಿ ಎಳೆಸಿ: ಉದ್ದದ್ದು 72, ಅದರ ಕೆಳಗೆ ಎಡತುದಿ ಸಮವಾಗಿ ಗಿಡ್ಡದ್ದು 48. ಬಲಗಡೆ ಖಾಲಿ ಉಳಿದ ಜಾಗವನ್ನು ಬೆರಳಿನಿಂದ ತೋರಿಸಲಿ. ಕೇಳಿರುವುದು ಆ ಜಾಗವನ್ನೇ.

## ಹಂತ 4: ಖಾಲಿ ಸಂಖ್ಯಾರೇಖೆಯ ಮೇಲೆ ಜಿಗಿತ

ಹಾಳೆಯ ಅಡ್ಡಕ್ಕೆ ಕೈಯಿಂದಲೇ ಒಂದು ಗೆರೆ ಎಳೆಸಿ. ಗೀಟು ಬೇಡ, ಅಂಕಿ ಬೇಡ. ಎಡತುದಿಯಲ್ಲಿ ಗೆರೆಯ ಕೆಳಗೆ 48, ಬಲತುದಿಯಲ್ಲಿ 72. ಇನ್ನು ಮೂರು ಜಿಗಿತ.

ಮೊದಲ ಜಿಗಿತ ಮುಂದಿನ ಪೂರ್ಣ ಹತ್ತಕ್ಕೆ. 48ರಿಂದ 50ಕ್ಕೆ 2. ಒಂದು ಸಣ್ಣ ಕಮಾನು ಬರೆದು, ಅದರ ಮೇಲೆ ಬಣ್ಣದ ಪೆನ್ನಿನಲ್ಲಿ 2 ಎಂದು, ಗೆರೆಯ ಕೆಳಗೆ ಪೆನ್ಸಿಲಿನಲ್ಲಿ 50 ಎಂದು ಬರೆಯಲಿ.

ಎರಡನೇ ಜಿಗಿತ ಹತ್ತುಗಳದ್ದು. 50ರಿಂದ 70ಕ್ಕೆ 20. ಕಮಾನಿನ ಮೇಲೆ 20, ಕೆಳಗೆ 70.

ಮೂರನೆಯದು ಉಳಿದ ಬಿಡಿಗಳದ್ದು. 70ರಿಂದ 72ಕ್ಕೆ 2.

ಕಮಾನುಗಳ ಮೇಲೆ ಬಣ್ಣದಲ್ಲಿರುವುದನ್ನು ಮಾತ್ರ ಕೂಡಬೇಕು: 2 + 20 + 2 = 24. ಹಾಗಾಗಿ 72 − 48 = 24.

ಬೇರೆ ಬಣ್ಣ ಅಲಂಕಾರಕ್ಕಲ್ಲ. ಒಂದೇ ಪೆನ್ಸಿಲಿನಲ್ಲಿ ಎಲ್ಲವನ್ನೂ ಬರೆದರೆ ಮಗು ಕೊನೆಗೆ ಯಾವುದನ್ನು ಕೂಡಬೇಕೆಂದು ತಿಳಿಯದೆ 50, 70 ಎಲ್ಲವನ್ನೂ ಕೂಡಿಬಿಡುತ್ತದೆ, ಅಥವಾ ಕೊನೆಗೆ ಬಂದ 72ನ್ನೇ ಉತ್ತರವೆಂದು ಬರೆಯುತ್ತದೆ. ಗೆರೆಯ ಕೆಳಗಿರುವುದು ಕಾಲಿಟ್ಟ ಜಾಗ, ಮೇಲಿರುವುದು ನಡೆದ ದೂರ, ಕೇಳಿರುವುದು ದೂರ. ಈ ಒಂದು ಮಾತನ್ನು ಮಗು ತನ್ನದೇ ಮಾತಿನಲ್ಲಿ ಹೇಳುವವರೆಗೆ ಬಣ್ಣದ ಪೆನ್ನು ಕಿತ್ತುಕೊಳ್ಳಬೇಡಿ.

ಈ ಹಂತದಲ್ಲಿ ಕಾಣುವ ಉಳಿದ ತಪ್ಪುಗಳು:

ಉತ್ತರ ಸರಿಯಾದುದಕ್ಕಿಂತ 1 ಹೆಚ್ಚು ಬರುತ್ತಿದೆ, ಅಂದರೆ 24ರ ಬದಲು 25. ಮಗು 48, 49, 50 ಎಂದು ಬೆರಳು ಮಡಚಿ 3 ಎಂದಿದೆ; ನಿಂತಿರುವ ಜಾಗವನ್ನೂ ಎಣಿಸಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಕೆಲವು ಚೌಕ ಬರೆದು ಒಂದರಲ್ಲಿ ನಿಲ್ಲಿಸಿ, ಹೆಜ್ಜೆ ಎತ್ತಿಟ್ಟಾಗ ಮಾತ್ರ ಎಣಿಸಲು ಹೇಳಿ.

ಉತ್ತರ ಸರಿಯಾದುದಕ್ಕಿಂತ 10 ಹೆಚ್ಚು ಬರುತ್ತಿದೆ. 50ರಿಂದ 70ಕ್ಕೆ ಹೋಗುವಾಗ 50, 60, 70 ಎಂದು ಮೂರು ಹತ್ತು ಎಣಿಸಿದರೆ 34. 48ರ 4, 72ರ 7 ನೋಡಿ ನೇರವಾಗಿ 30 ಎಂದು ಬರೆದರೂ 34. ಹತ್ತರ ಜಿಗಿತ ಹೊರಡುವುದು 48ರಿಂದಲ್ಲ, 50ರಿಂದ ಎಂದು ನೆನಪಿಸಿ.

ಗುರಿ ದಾಟಿ ಹೋಗುವುದು. 48ಕ್ಕೆ 30 ಸೇರಿಸಿ 78 ಆಗಿ, ಏನು ಮಾಡುವುದೆಂದು ತೋಚದೆ ಕೂರುವುದು. ಇದು ನಿಜಕ್ಕೂ ತಪ್ಪಲ್ಲ, ಹಿಂದಕ್ಕೆ 6 ಬಂದರೆ 30 − 6 = 24. ಆದರೆ ಹೊಸದಾಗಿ ಕಲಿಯುವವರಿಗೆ ಈ ದಾರಿ ತೋರಿಸಬೇಡಿ. ಮೊದಲು ಮುಂದಕ್ಕೆ ಮಾತ್ರ.

## ಹಂತ 5: ಜಿಗಿತ ಕಡಿಮೆ ಮಾಡುವುದು, ಮೂರಂಕಿಗೆ ಹೋಗುವುದು

ಹತ್ತು ಹದಿನೈದು ಲೆಕ್ಕ ಸರಿಯಾಗಿ ಮಾಡಿದ ಮೇಲೆ “ಎರಡೇ ಜಿಗಿತದಲ್ಲಿ ಆಗುತ್ತದೆಯೇ?” ಎಂದು ಕೇಳಿ. 48ರಿಂದ 50ಕ್ಕೆ 2, 50ರಿಂದ 72ಕ್ಕೆ 22. ಪೂರ್ಣ ಹತ್ತು ಅಥವಾ ಪೂರ್ಣ ನೂರನ್ನು ಮುಟ್ಟಿದ ಮೇಲೆ ಉಳಿದದ್ದನ್ನು ಸಂಖ್ಯೆ ನೋಡಿಯೇ ಓದಿಕೊಳ್ಳಬಹುದು ಎಂಬ ಅರಿವು ಬಂದರೆ ಮೂರಂಕಿಯ ಲೆಕ್ಕಗಳು ಹಗುರಾಗುತ್ತವೆ. ಆರಂಭದ ಲೆಕ್ಕವನ್ನೇ ನೋಡಿ:

168ರಿಂದ 170ಕ್ಕೆ 2
170ರಿಂದ 200ಕ್ಕೆ 30
200ರಿಂದ 403ಕ್ಕೆ 203
ಒಟ್ಟು 235

ಪಕ್ಕದ ಮನೆಯಿಂದ ಸಾಲ ತರುವ ಮಾತೇ ಇಲ್ಲ. ಈಗ ಗೆರೆಯನ್ನೂ ಬಿಟ್ಟು ಹೀಗೆ ಸಾಲಾಗಿ ಬರೆಯುವುದನ್ನು ರೂಢಿ ಮಾಡಿಸಿ. ಬಲಬದಿಯ ಅಂಕಿಗಳು ಒಂದರ ಕೆಳಗೊಂದು ಸ್ಥಾನಬೆಲೆ ತಪ್ಪದೆ ಬರಬೇಕು, 2 ಬಿಡಿಸ್ಥಾನದಲ್ಲಿ, 30ರ 3 ಹತ್ತರ ಸ್ಥಾನದಲ್ಲಿ. ಇಲ್ಲದಿದ್ದರೆ ಜಿಗಿತಗಳೆಲ್ಲ ಸರಿಯಿದ್ದೂ ಮೊತ್ತ ತಪ್ಪುತ್ತದೆ.

ಒಂದು ಎಚ್ಚರಿಕೆ. ಐದಾರು ಜಿಗಿತ ಹಾಕುತ್ತಿರುವ ಮಗು ವಿಧಾನವನ್ನು ಅರ್ಥ ಮಾಡಿಕೊಂಡಿಲ್ಲ ಎಂದಲ್ಲ, ಅದಕ್ಕೆ ಹತ್ತುಗಳನ್ನು ಒಟ್ಟಿಗೆ ಕೂಡುವ ಧೈರ್ಯ ಬಂದಿಲ್ಲ. 10, 10, 10 ಎಂದು ಹೋಗುತ್ತಿದ್ದರೆ ಹೋಗಲಿ. ಉತ್ತರ ಬಂದ ಮೇಲೆ ಆ ಮೂರು ಕಮಾನಿನ ಮೇಲೆ ಒಂದು ದೊಡ್ಡ ಕಮಾನು ಎಳೆದು “ಇದೆಷ್ಟು?” ಎಂದು ಕೇಳಿ, ಸಾಕು.

## ಹಂತ 6: ಸೊನ್ನೆಗಳಿರುವ ದೊಡ್ಡ ಸಂಖ್ಯೆ

1000 − 637. 3 ಸೇರಿ 640, 60 ಸೇರಿ 700, 300 ಸೇರಿ 1000. ಉತ್ತರ 363.

ಈ ಬಗೆಯ ಲೆಕ್ಕಕ್ಕೆ ಇನ್ನೂ ಚಿಕ್ಕ ದಾರಿಯಿದೆ: ಎಡದಿಂದ ಒಂದೊಂದು ಅಂಕಿಯನ್ನೂ 9ಕ್ಕೆ ತುಂಬಿಸಿ, ಕೊನೆಯದನ್ನು ಮಾತ್ರ 10ಕ್ಕೆ ತುಂಬಿಸಿ. 6ಕ್ಕೆ 3, 3ಕ್ಕೆ 6, 7ಕ್ಕೆ 3. ಬಂದದ್ದು 363. ಯಾಕೆ ಹೀಗೆ? 1000 ಎಂದರೆ 999 ಮತ್ತು 1. 9ರಿಂದ ಯಾವ ಅಂಕಿಯನ್ನಾದರೂ ದಶಕ ಪಡೆಯದೆ ಕಳೆಯಬಹುದು; ಉಳಿದ ಆ 1 ಕೊನೆಯ ಅಂಕಿಗೆ ಸೇರಿ 9ರ ಬದಲು 10 ಆಗುತ್ತದೆ. ಮೊದಲ ಹಂತದ 37–63 ಜೋಡಿಯೇ ಇಲ್ಲಿ ಉದ್ದವಾಗಿದೆ.

ಎರಡು ಕಡೆ ಇದು ಕೈಕೊಡುತ್ತದೆ. 1000 − 64ರಲ್ಲಿ ಅಂಕಿ ಎರಡೇ ಎಂದು ಮಗು 36 ಬರೆಯುತ್ತದೆ. 064 ಎಂದು ಮೂರು ಅಂಕಿ ಮಾಡಿಕೊಂಡರೆ 936 ಸಿಗುತ್ತದೆ. 1000 − 640ರಲ್ಲಿ ಕೊನೆಯ ಸೊನ್ನೆಯನ್ನು 10 ಮಾಡಲು ಹೋದರೆ ಕೆಡುತ್ತದೆ. ಕೊನೆಯ ಸೊನ್ನೆಗಳನ್ನು ಹಾಗೇ ಇಟ್ಟು, ಸೊನ್ನೆಯಲ್ಲದ ಕೊನೆಯ ಅಂಕಿಯನ್ನು 10ಕ್ಕೆ ತುಂಬಿಸಬೇಕು: 6ಕ್ಕೆ 3, 4ಕ್ಕೆ 6, ಆಮೇಲೆ 0. ಉತ್ತರ 360.

ಈ ಚಿಕ್ಕ ದಾರಿ 100, 1000, 10000ದಂಥ ಸಂಖ್ಯೆಗಳಿಂದ ಕಳೆಯುವಾಗ ಮಾತ್ರ. 5002 − 2987ಕ್ಕೆ ಜಿಗಿತವೇ ಸರಿ: 3 ಸೇರಿ 2990, 10 ಸೇರಿ 3000, 2002 ಸೇರಿ 5002. ಒಟ್ಟು 2015.

## ಹಂತ 7: ಕಂಬಸಾಲಿನಲ್ಲೂ ಕೂಡಿಯೇ ಮಾಡುವುದು

ಶಾಲೆಯಲ್ಲಿ ಲೆಕ್ಕವನ್ನು ಒಂದರ ಕೆಳಗೊಂದು ಬರೆದೇ ಮಾಡಬೇಕು ಎಂದಿದ್ದರೆ ಅಲ್ಲೂ ಇದು ನಡೆಯುತ್ತದೆ. 403ರ ಕೆಳಗೆ 168 ಬರೆದು ಬಲದಿಂದ ಶುರು ಮಾಡಿ. 8ಕ್ಕೆ ಎಷ್ಟು ಸೇರಿದರೆ ಬಿಡಿಸ್ಥಾನದಲ್ಲಿ 3 ಬರುತ್ತದೆ? 5; 8 + 5 = 13. 3 ಸಿಕ್ಕಿತು, ದಶಕ 1 ಮುಂದಿನ ಸ್ಥಾನಕ್ಕೆ, ಕೆಳಗಿನ 6ರ ಜೊತೆಗೆ. 6 ಮತ್ತು 1 ಸೇರಿ 7. 7ಕ್ಕೆ ಎಷ್ಟು ಸೇರಿದರೆ 0 ಕೊನೆಗೆ ಬರುತ್ತದೆ? 3, ಅದು 10. ಮತ್ತೆ 1 ಮುಂದಕ್ಕೆ. 1 ಮತ್ತು 1 ಸೇರಿ 2. 2ಕ್ಕೆ 2 ಸೇರಿದರೆ 4. ಉತ್ತರ 235.

ದಶಕವನ್ನು ಯಾವಾಗಲೂ ಕೆಳಗಿನ ಸಂಖ್ಯೆಗೆ ಸೇರಿಸಬೇಕು. ಮೇಲಿನದಕ್ಕೆ ಸೇರಿಸಿದರೆ ಎಲ್ಲ ಕೆಡುತ್ತದೆ. ಸಾಮಾನ್ಯ ದಶಕ ಸಹಿತ ವ್ಯವಕಲನವನ್ನೂ ಇದನ್ನೂ ಒಂದೇ ವಾರದಲ್ಲಿ ಕಲಿಸಬೇಡಿ. ಒಂದರಲ್ಲಿ ಮೇಲಿನ ಅಂಕಿ ಹೊಡೆದು ಕಡಿಮೆ ಮಾಡುತ್ತೇವೆ, ಇನ್ನೊಂದರಲ್ಲಿ ಕೆಳಗಿನದನ್ನು ಹೆಚ್ಚಿಸುತ್ತೇವೆ. ಎರಡೂ ಬೆರೆತರೆ ಒಂದೇ ದಶಕ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

## ಎಲ್ಲಿ ಈ ವಿಧಾನ ಬೇಡ

83 − 79ಕ್ಕೆ ಕೂಡುವುದೇ ಸರಿ, 79ರಿಂದ ನಾಲ್ಕೇ ಹೆಜ್ಜೆ. 83 − 4ಕ್ಕೆ ಬೇಡ. 4ರಿಂದ 83ರವರೆಗೆ ಜಿಗಿಯುವುದಕ್ಕಿಂತ ಹಿಂದಕ್ಕೆ 4 ಬರುವುದು ಸುಲಭ. 96 − 12ರಲ್ಲೂ ನೇರವಾಗಿ ಕಳೆದರಾಯಿತು. ಎರಡು ಸಂಖ್ಯೆ ಹತ್ತಿರವಿದ್ದರೆ, ಅಥವಾ ಮೇಲಿನ ಸಂಖ್ಯೆಯಲ್ಲಿ ಸೊನ್ನೆಗಳಿದ್ದರೆ ಕೂಡಿ. ಕಳೆಯಬೇಕಾದ್ದು ಚಿಕ್ಕದಿದ್ದರೆ ಕಳೆಯಿರಿ. ಆರು ಲೆಕ್ಕ ಬೆರೆಸಿ ಕೊಟ್ಟು, ಮಾಡಿಸದೆ, ಯಾವುದಕ್ಕೆ ಯಾವ ದಾರಿ ಎಂದು ಮಾತ್ರ ಕೇಳಿ. ಉತ್ತರ ಬರೆಸುವುದಕ್ಕಿಂತ ಇದರಲ್ಲಿ ಹೆಚ್ಚು ಕಲಿಕೆಯಿದೆ.

## ಮುಂದಿನ ತರಗತಿಗಳಲ್ಲಿ

ಗಡಿಯಾರ: 9:45ರಿಂದ 12:20ರವರೆಗೆ ಎಷ್ಟು ಹೊತ್ತು? 10 ಗಂಟೆಗೆ 15 ನಿಮಿಷ, 12 ಗಂಟೆಗೆ 2 ಗಂಟೆ, ಮತ್ತೆ 20 ನಿಮಿಷ. ಒಟ್ಟು 2 ಗಂಟೆ 35 ನಿಮಿಷ. 1220ರಿಂದ 945 ಕಳೆದು 2 ಗಂಟೆ 75 ನಿಮಿಷ ಎಂದು ಬರೆಯುವ ತಪ್ಪು ಜಿಗಿತದಲ್ಲಿ ಬರುವುದೇ ಇಲ್ಲ, ಏಕೆಂದರೆ ಮೊದಲ ಜಿಗಿತವೇ ಗಂಟೆ ತುಂಬುವುದು 60ಕ್ಕೆ ಎಂದು ನೆನಪಿಸುತ್ತದೆ.

ದಶಮಾಂಶ: 6.2 − 3.75. 0.05 ಸೇರಿ 3.8, 0.2 ಸೇರಿ 4, 2.2 ಸೇರಿ 6.2. ಒಟ್ಟು 2.45. ಮೊದಲ ಜಿಗಿತವನ್ನು 0.5 ಎಂದು ಬರೆಯುವುದು ಇಲ್ಲಿನ ಮಾಮೂಲಿ ತಪ್ಪು. 3.8 ಅನ್ನು 3.80 ಎಂದು ಬರೆಸಿದರೆ 75ರಿಂದ 80ಕ್ಕೆ ನೂರನೇ ಒಂದರ (ಶತಾಂಶ) ಸ್ಥಾನದ 5 ಎಂಬುದು ಕಣ್ಣಿಗೆ ಕಾಣುತ್ತದೆ.

ಋಣ ಸಂಖ್ಯೆ: 4 − (−3). −3ರಲ್ಲಿ ನಿಲ್ಲಿ. ಸೊನ್ನೆಗೆ 3, ಸೊನ್ನೆಯಿಂದ 4ಕ್ಕೆ 4. ಉತ್ತರ 7. ಎರಡು ಋಣ ಸೇರಿ ಧನ ಎಂದು ಬಾಯಿಪಾಠ ಮಾಡಿದವರಿಗೂ ಯಾಕೆ ಎಂದು ತಿಳಿಯುವುದು ಈ ಗೆರೆಯ ಮೇಲೆಯೇ. 3 − 8ರಲ್ಲಿ ಹೊರಡುವುದು 8ರಿಂದ, ತಲುಪಬೇಕಾದ್ದು 3ಕ್ಕೆ. ಗುರಿ ಹಿಂದಿದೆ, ಹಾಗಾಗಿ 5 ಹೆಜ್ಜೆ ಹಿಂದಕ್ಕೆ, ಉತ್ತರ −5. ಇಲ್ಲಿಗೆ ಬಂದಾಗ “ಹೊರಡುವುದು ಚಿಕ್ಕದರಿಂದ” ಎಂಬ ಮೂರನೇ ಹಂತದ ಮಾತನ್ನು “ಹೊರಡುವುದು ಕಳೆಯಬೇಕಾದ ಸಂಖ್ಯೆಯಿಂದ” ಎಂದು ತಿದ್ದಿಕೊಡಬೇಕು.

## ತಾಳೆ ನೋಡುವುದು ಮತ್ತು ಎಚ್ಚರಿಕೆಯ ಗುರುತುಗಳು

ಉತ್ತರ ಮತ್ತು ಕಳೆದ ಸಂಖ್ಯೆ ಕೂಡಿದರೆ ದೊಡ್ಡ ಸಂಖ್ಯೆ ಬರಬೇಕು: 235 + 168 = 403. ಜಿಗಿತಗಳನ್ನೇ ಇನ್ನೊಮ್ಮೆ ಓದುವುದು ತಾಳೆಯಲ್ಲ. ಮೊದಲ ಸಲ ಎಡವಿದಲ್ಲೇ ಎರಡನೇ ಸಲವೂ ಎಡವುವ ಸಾಧ್ಯತೆ ಹೆಚ್ಚು. ಬೇರೆ ಜಾಗದಲ್ಲಿ ಕಂಬಸಾಲಿನಲ್ಲಿ ಕೂಡಿಸಿ.

ಮಗು ಗೆರೆ ಎಳೆಯುವ ಮೊದಲೇ ಬೆರಳು ಮಡಚಲು ಶುರು ಮಾಡಿದರೆ 10ರ ಜೋಡಿ ಇನ್ನೂ ಗಟ್ಟಿಯಾಗಿಲ್ಲ, ಮೊದಲ ಹಂತಕ್ಕೆ ಹಿಂದಿರುಗಿ. ಕಮಾನುಗಳು ಸರಿಯಿದ್ದು ಉತ್ತರ ಮಾತ್ರ ತಪ್ಪುತ್ತಿದ್ದರೆ ತೊಂದರೆ ಕಳೆಯುವುದರಲ್ಲಿಲ್ಲ, ಕೂಡುವುದರಲ್ಲಿದೆ. ಆ ವಾರ 2 + 30 + 203ರಂಥ ಮೊತ್ತಗಳನ್ನಷ್ಟೇ ಮಾಡಿಸಿ. ಎಲ್ಲ ಲೆಕ್ಕಕ್ಕೂ ಮೂರೇ ಜಿಗಿತ ಹಾಕುತ್ತಿದ್ದರೆ, 60 − 40ಕ್ಕೂ ಸಹ, ಅದು ವಿಧಾನವನ್ನು ಬಾಯಿಪಾಠ ಮಾಡಿದೆ. ಅಂಥ ಮಗುವಿಗೆ 70 − 48, 72 − 50, 51 − 49 ಈ ಮೂರನ್ನು ಒಟ್ಟಿಗೆ ಕೊಟ್ಟು, ಯಾವುದಕ್ಕೆ ಎಷ್ಟು ಜಿಗಿತ ಬೇಕೆಂದು ಗೆರೆ ಎಳೆಯುವ ಮೊದಲೇ ಕೇಳಿ.